ಏನೂ ಇಲ್ಲದವರ ಚಾಪೆ

ಆ ಊರಿಗೆ ದಾರಿ ಯಾವುದೆಂದು ಕೇಳಬೇಡಿ. ಕಾಲು ನೋಯುವಷ್ಟು ನಡೆದರೆ ಸಿಗುತ್ತದೆ. ಸಿಕ್ಕಿದ ಮೇಲೆ ಅಲ್ಲಿ ಕೂರುವುದಕ್ಕೆ ಬಿಡುವುದಿಲ್ಲ. ಅಷ್ಟು ಗುರುತು ಸಾಕು.

ಆ ಊರಿನಲ್ಲಿ ಇದ್ದದ್ದು ಒಂದೇ ಕಟ್ಟಳೆ. ಗಾಯ ತೋರಿಸಿದವರಿಗೆ ಮಣೆ, ತೋರಿಸದವರು ನಿಲ್ಲಬೇಕು. ರಾತ್ರಿ ಎಲ್ಲರೂ ಮಲಗಬಹುದು. ಬೆಳಗಾದ ಮೇಲೆ ನಿಂತೇ ಹಲ್ಲುಜ್ಜಬೇಕು, ನಿಂತೇ ಉಣ್ಣಬೇಕು, ನಿಂತೇ ಹರಟಬೇಕು, ಅಳು ಬಂದರೆ ನಿಂತೇ ಅಳಬೇಕು. ಮದುವೆಯಲ್ಲಿ ಗಂಡು ಹೆಣ್ಣು ಹಸೆಮಣೆಯ ಪಕ್ಕದಲ್ಲಿ ನಿಂತಿರುತ್ತಿದ್ದರು, ಹಸೆಮಣೆಯ ಮೇಲೆ ಕಾಲು ಉಳುಕಿಸಿಕೊಂಡ ಯಾರೋ ದೂರದ ನೆಂಟರು ಕೂತಿರುತ್ತಿದ್ದರು. ಊರ ನಡುವೆ ಚೆಂದದ ಅರಳೀಕಟ್ಟೆ ಇತ್ತು. ಜನ ಅದರ ಸುತ್ತ ನಿಂತು ಅದನ್ನು ನೋಡುತ್ತಿದ್ದರು.

ಒಮ್ಮೆ ಕೊಟ್ಟ ಮಣೆಯನ್ನು ಯಾರೂ ವಾಪಸ್ ಕೇಳುವ ಹಾಗಿರಲಿಲ್ಲ. ಗಾಯ ಮಾಯುತ್ತಿತ್ತು, ಮಣೆ ಮಾಯುತ್ತಿರಲಿಲ್ಲ. ಊರಿನ ಯಜಮಾನರಿಗೆ ಚಿಕ್ಕಂದಿನಲ್ಲಿ ಮೀನಖಂಡಕ್ಕೆ ನಾಯಿ ಕಚ್ಚಿತ್ತು. ಆ ಒಂದು ಗುರುತಿನ ಮೇಲೆ ಅವರು ಆಯುಷ್ಯವೆಲ್ಲ ಕೂತಿದ್ದರು, ಕೂತು ಕೂತೇ ಯಜಮಾನರಾಗಿದ್ದರು. ನಾಯಿ ಯಾವತ್ತೋ ಸತ್ತಿತ್ತು. ಅದರ ಹೆಸರಿನಲ್ಲಿ ಅವರ ಮನೆಯಲ್ಲಿ ವರ್ಷಕ್ಕೊಮ್ಮೆ ಪಾಯಸ ಮಾಡುತ್ತಿದ್ದರು.

ಗಾಯ ಇದೆಯೋ ಇಲ್ಲವೋ ನೋಡಿ ಹೇಳಲು ಒಬ್ಬರಿದ್ದರು. ಅವರಿಗೆ ಕಂದೀಲಿನವರು ಎಂದು ಹೆಸರು. ಮಟಮಟ ಮಧ್ಯಾಹ್ನದಲ್ಲೂ ಕಂದೀಲು ಹಚ್ಚಿಕೊಂಡೇ ಬರುತ್ತಿದ್ದರು. ಕಿವಿಯೊಳಗೆ ನೋಡುತ್ತಿದ್ದರು, ಉಗುರಿನ ಸಂದಿಯಲ್ಲಿ ನೋಡುತ್ತಿದ್ದರು, ಬೆನ್ನು ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಒಳ್ಳೆಯ ಮನುಷ್ಯ, ಒಂದು ದಿನಕ್ಕೂ ಯಾರಿಗೂ ಗದರಿದವರಲ್ಲ. ಕಂಡದ್ದನ್ನು ಇದೆ ಅನ್ನುತ್ತಿದ್ದರು. ಕಾಣದ್ದನ್ನು ಕಾಣೆ ಅನ್ನಬೇಕಿತ್ತು. ಅವರು ಇಲ್ಲ ಅನ್ನುತ್ತಿದ್ದರು. ತೊಡಕು ಇದ್ದದ್ದು ಅಲ್ಲೇ.

ಕಂದೀಲಿನವರು "ಏನೂ ಇಲ್ಲ" ಅಂದರೆ ಅದು ಶುಭವಾರ್ತೆ. ತಕ್ಷಣ ಅವರೇ ಜೇಬಿನಿಂದ ಕಲ್ಲುಸಕ್ಕರೆ ತೆಗೆದು ನೋವಿನವರ ಬಾಯಿಗೆ ಹಾಕುತ್ತಿದ್ದರು. ಅಕ್ಕಪಕ್ಕದವರೂ ಬಂದು "ಏನೂ ಇಲ್ವಂತೆ, ಬಹಳ ಸಂತೋಷ" ಎಂದು ಒಂದೊಂದು ಚೂರು ಹಾಕುತ್ತಿದ್ದರು. ನೋವಿನವರು ಸಕ್ಕರೆ ಚೀಪುತ್ತ ನೋವನ್ನು ಹೊತ್ತುಕೊಂಡು ಮನೆಗೆ ಹೋಗುತ್ತಿದ್ದರು.

ಇನ್ನು ನಮ್ಮ ಹುಡುಗಿಯ ವಿಷಯ. ಅವಳನ್ನು ಊರವರು ಮಂಡಿಯವಳು ಅನ್ನುತ್ತಿದ್ದರು. ಅವಳಿಗೂ ಅವಳ ತಾಯಿಗೂ ಒಂದು ಮನೆ, ಎರಡು ಆಡು, ಒಂದು ಒಲೆ. ಎರಡು ಸುಗ್ಗಿಯಿಂದ ಈಚೆಗೆ, ದಿನಾ ದೀಪ ಹಚ್ಚುವ ಹೊತ್ತಿಗೆ, ಹುಡುಗಿಯ ಮಂಡಿಗಳೊಳಗೆ ಬೆಂಕಿ ಬೀಳುತ್ತಿತ್ತು. ಮೊದಲು ಉರಿ, ಆಮೇಲೆ ನಡುಕ, ಆಮೇಲೆ ಮಂಡಿ ಮಡಚಿ ನೆಲಕ್ಕೆ ಬೀಳುವುದು. ಕಂದೀಲಿನವರು ನೋಡಿದರು. ಊತವಿಲ್ಲ, ಕೆಂಪಿಲ್ಲ, ಮುರಿದಿಲ್ಲ, ಉಳುಕಿಲ್ಲ. ಏನೂ ಇಲ್ಲ. ಸಕ್ಕರೆ.

"ಇನ್ನೊಂದ್ಸಲ ನೋಡಿ ಸ್ವಾಮಿ," ಎಂದು ತಾಯಿ ಬೇಡುತ್ತಿದ್ದಳು. "ಒಂದು ತರಚು ಗಾಯನಾದ್ರೂ ಇರ್ಬೋದು."

ಮಗಳಿಗೆ ಗಾಯವಾಗಿರಲಿ ಎಂದು ಹರಕೆ ಹೊರುವ ತಾಯಂದಿರು ಆ ಊರಿನಲ್ಲಿ ಮಾತ್ರ ಇದ್ದರು. ಕಂದೀಲಿನವರು ಮತ್ತೆ ನೋಡುತ್ತಿದ್ದರು. ಮತ್ತೆ ಏನೂ ಇಲ್ಲ, ಮತ್ತೆ ಸಕ್ಕರೆ. ಹುಡುಗಿ ಸಕ್ಕರೆಯನ್ನು ಎಡದವಡೆಯಲ್ಲಿ ಒತ್ತಿ ಇಟ್ಟುಕೊಂಡು ಅಳು ತಡೆಯುವುದನ್ನು ಕಲಿತಳು. ಬೀದಿಯಲ್ಲಿ ಹೋದರೆ ಹೆಂಗಸರು "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಅವಳಿಗೆ ಕೇಳುವ ಹಾಗೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಪಾಪ, ಅವರಿಗೂ ಕಾಲು ನೋಯುತ್ತಿತ್ತು.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಸುಗ್ಗಿ ಮುಗಿದ ಮೇಲೆ ಬರುವ ಹುಣ್ಣಿಮೆಯ ಬೆಳಿಗ್ಗೆ ಆ ಊರಿನಲ್ಲಿ ಒಪ್ಪಿಗೆ ಎಂಬ ಶಾಸ್ತ್ರವಿತ್ತು. ಮಣೆ ಸಿಗದೆ ಪ್ರಾಯಕ್ಕೆ ಬಂದವರು ಅರಳೀಕಟ್ಟೆಯ ಮುಂದೆ ನಿಂತು, ಊರೆಲ್ಲ ಕೇಳುವ ಹಾಗೆ, "ನನಗೇನೂ ಇಲ್ಲ" ಅನ್ನಬೇಕು. ಒಮ್ಮೆ ಅಂದರೆ ಮುಗಿಯಿತು. ಆಮೇಲೆ ಅವರು ನೋವು ಎಂಬ ಮಾತು ಎತ್ತುವಂತಿಲ್ಲ, ಕಂದೀಲು ಕರೆಸುವಂತಿಲ್ಲ. ಊರಿನ ದೊಡ್ಡವರೆಲ್ಲ ಹಾಗೆ ಅಂದವರೇ. ಮಂಡಿಯವಳ ತಾಯಿಯೂ ತನ್ನ ಕಾಲದಲ್ಲಿ ಅಂದಿದ್ದಳು. ಈ ಸುಗ್ಗಿಗೆ ಮಗಳ ಸರದಿ.

ಹುಡುಗಿಗೆ ಬೇಕಾಗಿದ್ದದ್ದು ಒಂದೇ. ಆ ಮಾತು ಹೇಳಬಾರದು. ಅದು ಸುಳ್ಳು, ಅವಳಿಗೆ ಗೊತ್ತಿತ್ತು. ಆದರೆ ನಿಜಕ್ಕೆ ಗುರುತಿರಲಿಲ್ಲ.

*

ಹೊಲಗಳಲ್ಲಿ ರಾಗಿ ತೆನೆ ಕಟ್ಟುವ ಹೊತ್ತಿಗೆ ಊರಿಗೆ ಒಬ್ಬ ಹೆಂಗಸು ಬಂದಳು. ಬಾಯಲ್ಲಿ ಎಲೆಅಡಿಕೆ, ಕಂಕುಳಲ್ಲಿ ಸುತ್ತಿದ ಚಾಪೆ. ಸುಮ್ಮನೆ ಬಂದವಳು ಊರ ಗಡಿಕಲ್ಲಿನ ಮೇಲೆಯೇ ಚಾಪೆ ಬಿಚ್ಚಿದಳು. ಅರ್ಧ ಚಾಪೆ ಊರೊಳಗೆ, ಅರ್ಧ ಊರಾಚೆ, ನಡುವೆ ಕಲ್ಲಿನ ಉಬ್ಬು. ಆಮೇಲೆ ಕೂತಳು. ಆ ಊರಿನ ಮಕ್ಕಳು ಮೈಮೇಲೆ ಗಾಯವಿಲ್ಲದ ಹೆಂಗಸೊಬ್ಬಳು ಕೂತದ್ದನ್ನು ನೋಡಿದ್ದು ಅದೇ ಮೊದಲು. ಗುಂಪು ಕೂಡಿತು.

"ಇಲ್ಲಿ ಯಾರ್ ಕೂರ್ಬೋದು?" ಎಂದು ಯಾರೋ ಕೇಳಿದರು.

"ನೋಯುತ್ತೆ ಅಂದೋರು," ಅಂದಳು ಚಾಪೆಯವಳು.

"ಗಾಯ ತೋರಿಸ್ಬೇಕಾ?"

"ನನ್ ಕಣ್ಣು ಮಂಜು. ತೋರಿಸಿದ್ರೂ ಕಾಣಲ್ಲ."

ಮೊದಲು ಕೂತವನು ಹೊಟ್ಟೆಯವನು ಎಂದು ಕರೆಸಿಕೊಳ್ಳುತ್ತಿದ್ದ ಹುಡುಗ. ಅವನಿಗೆ ಉಣ್ಣುವ ಹೊತ್ತಿಗೆ ಸರಿಯಾಗಿ ಹೊಟ್ಟೆ ಹಿಂಡುತ್ತಿತ್ತು, ಕಂದೀಲಿನವರಿಗೆ ಏನೂ ಸಿಕ್ಕಿರಲಿಲ್ಲ. ಎರಡನೆಯವಳು ಬಿಕ್ಕಳಿಕೆಯವಳು. ಬಾಯಿಬಡುಕಿ, ಆದರೆ ಪ್ರತಿ ಮಾತಿನ ಕೊನೆಗೆ ಬಿಕ್ಕಳಿಕೆ ಬಂದು ಮಾತಿನ ಬಾಲ ಕತ್ತರಿಸುತ್ತಿತ್ತು. ಅವಳಿಗೂ ಸಕ್ಕರೆ ಸಿಕ್ಕಿತ್ತು. ಮೂರನೆಯವಳು ನಮ್ಮ ಮಂಡಿಯವಳು. ಅವಳು ಮೊದಲು ಕೂರಲಿಲ್ಲ. ಕೂರುವುದು ಹೇಗೆಂದು ಮರೆತುಹೋಗಿತ್ತು. ಚಾಪೆಯವಳು ಅವಳ ಸೆರಗು ಹಿಡಿದು ಜಗ್ಗಿದಳು, ಹುಡುಗಿ ದೊಪ್ಪನೆ ಕೂತಳು.

ಸುದ್ದಿ ಯಜಮಾನರಿಗೆ ಮುಟ್ಟಿತು. ಅವರು ಎದ್ದು ಬರುವಂತಿರಲಿಲ್ಲ, ಮರ್ಯಾದೆ ಹೋಗುತ್ತದೆ. ಮಣೆಯ ಸಮೇತ ತಮ್ಮನ್ನು ಹೊರಿಸಿಕೊಂಡು ಬಂದರು.

"ಊರೊಳಗೆ ಮಕ್ಕಳನ್ನ ಕೂರಿಸಿದ್ದೀಯಂತೆ?"

"ಎಲ್ಲಿ ಸ್ವಾಮಿ? ಮಕ್ಕಳು ಗಡಿ ಆಚೆ ಕೂತಿದಾವೆ. ನಾನು ಈಚೆ ಇದೀನಿ, ನಾನು ಈ ಊರೋಳಲ್ಲ."

"ಇವನು ಈಚೆ ಇದಾನಲ್ಲ?"

"ಅವನು ಕೂತಿಲ್ಲ ಸ್ವಾಮಿ. ಹೊಟ್ಟೆ ಹಿಡ್ಕೊಂಡು ಬಗ್ಗಿದಾನೆ. ಅದೂ ಅಲ್ದೆ ನಿಮ್ ಕಟ್ಟಳೇಲಿ ಮಣೆ ಅಂತಿದೆ. ಇದು ಚಾಪೆ."

ಯಜಮಾನರು ಚಾಪೆ ಎತ್ತಿಸಿ ಗಡಿಕಲ್ಲು ನೋಡಿದರು, ಇಳಿಸಿ ನೋಡಿದರು. ಚಾಪೆಯ ಕೆಳಗೆ ತೂರುವವರನ್ನು ಅವರು ಬಲ್ಲರು. ಇವಳು ರಂಗೋಲಿಯ ಕೆಳಗೆ ತೂರುವವಳು. ಒಪ್ಪಿಗೆಯ ದಿನ ನೋಡಿಕೊಳ್ಳುತ್ತೇನೆ ಎಂದು ಹೇಳಿ ಬಂದ ಹಾಗೆಯೇ ಹೊರಿಸಿಕೊಂಡು ಹೋದರು.

ಸಂತೆಯಿಂದ ಸಂತೆಗೆ ಮಕ್ಕಳು ಚಾಪೆಗೆ ಬಂದರು. ಅಲ್ಲಿಯೂ ಒಂದು ಕಟ್ಟಳೆ ಇತ್ತು, ಕಟ್ಟಳೆ ಇಲ್ಲದ ಜಾಗ ಎಲ್ಲಿದೆ. ಚಾಪೆಯ ಮೇಲೆ ಯಾಕೆ ಎಂದು ಕೇಳಬಾರದು. ಎಲ್ಲಿ ಎಂದು ಕೇಳಬಹುದು, ಯಾವಾಗ ಎಂದು ಕೇಳಬಹುದು. ಬಂದ ನೆಂಟರನ್ನು ವಿಚಾರಿಸುವ ಹಾಗೆ ನೋವನ್ನು ವಿಚಾರಿಸಬೇಕು. ಯಾವ ಹೊತ್ತಿಗೆ ಬರುತ್ತೆ, ಬಂದಾಗ ಮನೆಯಲ್ಲಿ ಯಾರ್ಯಾರು ಇರುತ್ತಾರೆ, ಎಷ್ಟು ಹೊತ್ತು ಇರುತ್ತೆ, ಹೋಗುವಾಗ ಹೇಳಿ ಹೋಗುತ್ತೋ ಹೇಳದೆ ಹೋಗುತ್ತೋ.

"ಅತ್ತೆ, ಇದು ಸುಳ್ಳು ನೋವಾ?" ಎಂದು ಹೊಟ್ಟೆಯವನು ಒಂದು ದಿನ ಕೇಳಿದ.

"ನಿಂಗೆ ನೋಯುತ್ತಾ?"

"ಹೂಂ."

"ಮತ್ತೆ? ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ. ಹೊಟ್ಟೆ ಒಳಗಿನ ನೋವಿಗೆ ಕಂದೀಲು ಯಾಕೋ?" ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಅಂದಳು, "ಯಾಕೆ ಬಂತು ಅಂತ ನಂಗೂ ಗೊತ್ತಿಲ್ಲ ಕಣೋ. ಗೊತ್ತಿದ್ರೆ ಇಷ್ಟು ಹೊತ್ತು ಸುಮ್ನಿರ್ತಿದ್ನಾ."

ಮತ್ತೊಂದು ದಿನ ಅವಳು ಎಲ್ಲರನ್ನೂ ಕೇಳಿದಳು. "ಮಣೆ ಸಿಕ್ರೆ ಏನ್ ಮಾಡ್ತೀರ?"

ಹೊಟ್ಟೆಯವನು ಕೂತು ಎರಡು ಮುದ್ದೆ ಉಣ್ಣುತ್ತೇನೆ ಅಂದ. ಬಿಕ್ಕಳಿಕೆಯವಳು ಕೂತು ಒಂದು ಕತೆ ಪೂರ್ತಿ ಹೇಳ್ತೀ... ಹಿಕ್ ಅಂದಳು. ಮಂಡಿಯವಳು "ಕೂರ್ತೀನಿ" ಅಂದಳು.

"ಕೂತು?"

ಮಣೆ ಬೇಕು ಎಂಬುದರ ಆಚೆಗೆ ಹುಡುಗಿ ಯೋಚಿಸಿಯೇ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು.

"ಗೊತ್ತಿಲ್ಲ ಅತ್ತೆ."

"ಪರವಾಗಿಲ್ಲ ಬಿಡು. ಸಿಕ್ಕಿದ್ ದಿನ ಗೊತ್ತಾಗುತ್ತೆ," ಅಂದಳು ಚಾಪೆಯವಳು, ಅತ್ತ ತಿರುಗಿ ಎಲೆಅಡಿಕೆ ಉಗುಳಿದಳು.

*

ತೆನೆ ಹಣ್ಣಾಗುವ ಹೊತ್ತಿಗೆ ಚಾಪೆಯ ಮೇಲೆ ಹೊಸ ಆಟ ಶುರುವಾಯಿತು. ಸಾಲವಾಗಿ ಉಪ್ಪು ಒಯ್ಯುವ ಹಾಗೆ ಒಬ್ಬರ ನೋವನ್ನು ಇನ್ನೊಬ್ಬರು ಮನೆಗೆ ಒಯ್ಯಬೇಕು. ಮುಂದಿನ ಸಂತೆಯವರೆಗೆ ಇಟ್ಟುಕೊಳ್ಳಬೇಕು, ಕೆಡದ ಹಾಗೆ ನೋಡಿಕೊಳ್ಳಬೇಕು, ತಂದು ಒಪ್ಪಿಸಬೇಕು. ಬಿಕ್ಕಳಿಕೆಯವಳು ಚಾಪೆಯವಳ ಸೊಂಟನೋವು ಒಯ್ದಳು, ಚಾಪೆಯವಳು ಬಿಕ್ಕಳಿಕೆ ಇಟ್ಟುಕೊಂಡಳು. ಮಂಡಿಯವಳು ಹೊಟ್ಟೆ ಒಯ್ದಳು, ಹೊಟ್ಟೆಯವನಿಗೆ ಮಂಡಿ ಬಂತು.

ಒಯ್ಯುವ ಮೊದಲು ವಿಚಾರಿಸಿಕೊಳ್ಳಬೇಕಲ್ಲ.

"ನಿನ್ ಮಂಡಿ ಯಾವಾಗ ಬರುತ್ತೆ?" ಎಂದು ಹೊಟ್ಟೆಯವನು ಕೇಳಿದ.

"ದೀಪ ಹಚ್ಚೋ ಹೊತ್ಗೆ."

"ಆಗ ಮನೇಲಿ ಯಾರಿರ್ತಾರೆ?"

"ನಾನು, ಅಮ್ಮ. ಅಮ್ಮ ಮುದ್ದೆ ತೊಳಸ್ತಿರ್ತಾಳೆ. ನಿನ್ ಹೊಟ್ಟೆ?"

"ಉಣ್ಣುವಾಗ. ತಾತ ಈ ಕಡೆ ನಿಂತಿರ್ತಾನೆ, ಅಪ್ಪ ಆ ಕಡೆ ನಿಂತಿರ್ತಾನೆ, ನಡುವೆ ನಾನು. ಅವರಿಬ್ರೂ ಮಾತಾಡಲ್ಲ. ಉಪ್ಪು ಬೇಕಾದ್ರೆ ತಾತ ನಂಗೆ ಹೇಳ್ತಾನೆ, ನಿಮ್ಮಪ್ಪಂಗೆ ಹೇಳು ಅಂತ. ಅಪ್ಪ ನಂಗೆ ಹೇಳ್ತಾನೆ, ನಿಮ್ ತಾತಂಗೆ ಕೈ ಇಲ್ವಾ ಕೇಳು ಅಂತ."

ಮುಂದಿನ ಸಂತೆಗೆ ಎಲ್ಲರೂ ಸಾಲ ತೀರಿಸಲು ಬಂದರು. ಚಾಪೆಯವಳು ವಾರವೆಲ್ಲ ಬಿಕ್ಕಳಿಸಿ ಸುಸ್ತಾಗಿದ್ದಳು, ಇದು ಬಾಯಿಬಡುಕಿಯರ ಬಾಯಿಗೆ ಸಿಗುವ ಬಿಡುವು ಅಂದಳು. ಬಿಕ್ಕಳಿಕೆಯವಳು ಸೊಂಟ ಹಿಡಿದುಕೊಂಡು ಬಂದು, ಈ ನೋವು ಚಾಪೆ ಹೊತ್ತೇ ಬಂದಿದ್ದು, ನಾಳೆಯಿಂದ ನಾನೂ ಒಂದು ತುದಿ ಹಿಡ್ಕೊಳ್ತೀನಿ ಅಂದಳು. ಆ ಮಾತು ಪೂರ್ತಿಯಾಗಿ, ಬಾಲ ಸಮೇತ ಬಂತು. ಅವಳಿಗೇ ಅದು ಗೊತ್ತಾಗಲಿಲ್ಲ.

ಮಂಡಿಯವಳು ಹೊಟ್ಟೆಯವನಿಗೆ ಹೇಳಿದಳು. "ನಿನ್ ಹೊಟ್ಟೆ ನಮ್ಮನೇಲಿ ಸುಮ್ನೆ ಮಲಗಿತ್ತು ಕಣೋ. ನಮ್ಮನೇಲಿ ಅದಕ್ಕೆ ಕೆಲಸಾನೇ ಇರ್ಲಿಲ್ಲ."

"ನಮ್ಮನೇಲಿ ಅದಿಲ್ದೆ ದೊಡ್ಡ ರಂಪ ಆಯ್ತು," ಅಂದ ಹೊಟ್ಟೆಯವನು. "ತಾತ ನಂಗೆ, ನಿಮ್ಮಪ್ಪನ್ನ ಉಪ್ಪು ಕೇಳು ಅಂದ. ಅದಕ್ಕೆ ನಾನು 'ತಾತ, ಅಪ್ಪ ಇಲ್ಲೇ ನಿಂತಿದಾನೆ, ನೀನೇ ಕೇಳು, ನನ್ ಹೊಟ್ಟೆ ಮಂಡಿಯವಳ ಮನೇಲಿದೆ' ಅಂದೆ. ಇಬ್ರೂ ಕಂಗಾಲು. ಆಮೇಲೆ ತಾತ ಅಪ್ಪನ್ನೇ ನೇರ ಬೈದ. ಅಪ್ಪ ತಾತನ್ನೇ ನೇರ ಬೈದ. ಉಂಡು ಮುಗಿಯೋವರೆಗೂ ಬೈದಾಡಿದ್ರು. ನಾನು ಎರಡು ಮುದ್ದೆ ಉಂಡೆ."

ಎಲ್ಲರೂ ನಕ್ಕರು. ಹೊಟ್ಟೆಯವನು ನಗಲಿಲ್ಲ. ಅವನಿಗೆ ಇನ್ನೂ ಹೇಳುವುದಿತ್ತು.

"ನಿನ್ ಮಂಡಿ ವಿಷಯ. ದಿನಾ ದೀಪ ಹಚ್ಚೋ ಹೊತ್ಗೆ ಕಾಯ್ತಿದ್ದೆ. ಬರ್ಲಿಲ್ಲ. ಮನೆ ತಪ್ಪಿರಬೇಕು ಅಂತ ನಿಮ್ಮನೆ ಹತ್ರ ಬಂದೆ. ಬಾಗಿಲಲ್ಲಿ ನಿಂತು ಕೆಂಡ ಕೇಳೋಣ ಅಂತಿದ್ದೆ. ನಿಮ್ಮಮ್ಮ ಬಗ್ಗಿ ಮುದ್ದೆ ತೊಳಸ್ತಿದ್ರು. ಈ ಕಾಲ ಭಾರ ಆ ಕಾಲಿಗೆ ಹಾಕ್ತಿದ್ರು, ಆ ಕಾಲ ಭಾರ ಈ ಕಾಲಿಗೆ. ಒಂದ್ಸಲ ಗೋಡೆ ಹಿಡ್ಕೊಂಡ್ರು. ನೋಡ್ತಾ ನಿಂತಿದ್ದೆ, ನನ್ ಮಂಡಿ ಉರಿಯೋಕೆ ಶುರುವಾಯ್ತು. ಕೆಂಡ ಕೇಳೋದು ಮರೆತು ಓಡಿಬಂದೆ."

"ಅಮ್ಮಂಗೇನೂ ಇಲ್ಲ," ಅಂದಳು ಮಂಡಿಯವಳು.

ಯಾರೂ ಯಾಕೆ ಎಂದು ಕೇಳಲಿಲ್ಲ, ಕೇಳುವ ಹಾಗಿರಲಿಲ್ಲ. ಚಾಪೆಯವಳು ಅಡಿಕೆ ಕತ್ತರಿಸುತ್ತಿದ್ದವಳು ನಿಲ್ಲಿಸಿದಳು, ಆಮೇಲೆ ಮತ್ತೆ ಕತ್ತರಿಸಿದಳು.

ಅವತ್ತು ಸಂಜೆ ಹುಡುಗಿ ಒಲೆಯ ಹತ್ತಿರ ನಿಂತು ತಾಯಿಯನ್ನು ನೋಡಿದಳು. ದಿನಾ ನೋಡಿದ್ದನ್ನೇ ನೋಡಿದಳು. ಬೇರೆ ಊರುಗಳಲ್ಲಿ ಹೆಂಗಸರು ಕೂತು, ಮಡಕೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಕೋಲಿನಿಂದ ಹಿಟ್ಟು ತೊಳಸುತ್ತಾರೆ. ಇಲ್ಲಿ ನಿಂತೇ ಬಗ್ಗಬೇಕು. ಬೆನ್ನು ಕಮಾನು, ಕೈ ಮಡಕೆಯಲ್ಲಿ, ಭಾರವೆಲ್ಲ ಮಂಡಿಯ ಮೇಲೆ. ಹಿಟ್ಟು ಬಿಗಿಯಾದಂತೆ ತಾಯಿಯ ಕಾಲುಗಳು ನಡುಗಿದವು. ಈ ಕಾಲಿನಿಂದ ಆ ಕಾಲಿಗೆ, ಆ ಕಾಲಿನಿಂದ ಈ ಕಾಲಿಗೆ. ಹುಡುಗಿಯ ಮಂಡಿಗೆ ಬೆಂಕಿ ಬಿತ್ತು.

"ಅಮ್ಮ, ಎಲ್ಲಿ ನೋಯುತ್ತೆ?"

ತಾಯಿಯ ಕೈ ನಿಂತಿತು. ಯಾರೂ ಅವಳನ್ನು ಆ ಮಾತು ಕೇಳಿರಲಿಲ್ಲ.

"ನಂಗೇನೂ ಇಲ್ಲ. ಒಪ್ಪಿಗೆ ದಿನಾನೇ ಹೇಳಾಯ್ತಲ್ಲ," ಅಂದಳು. ಆಮೇಲೆ ಮಡಕೆಯೊಳಗೆ ನೋಡಿ, "ಥೂ, ಮಾತಾಡ್ಸಿ ಮುದ್ದೆ ಗಂಟು ಮಾಡ್ದೆ ನೋಡು" ಎಂದು ಸಿಡುಕಿದಳು.

ಆ ರಾತ್ರಿ ಇಬ್ಬರೂ ಗಂಟು ಮುದ್ದೆ ಉಂಡರು. ಒಪ್ಪಿಗೆ ಅಂದರೆ ಏನೆಂದು ಹುಡುಗಿಗೆ ಅವತ್ತು ತಿಳಿಯಿತು. ಒಂದು ಬೆಳಿಗ್ಗೆ ಒಂದು ಮಾತು ಹೇಳುವುದು, ಆಮೇಲೆ ಸಾಯುವವರೆಗೆ ಮುದ್ದೆ ಗಂಟಾಯಿತು ಎಂದು ಸಿಡುಕುವುದು. ಅವಳಿಗೆ ಹೆದರಿಕೆಯಾಯಿತು.

*

ಹುಣ್ಣಿಮೆಯ ಬೆಳಿಗ್ಗೆ ಊರೆಲ್ಲ ಅರಳೀಕಟ್ಟೆಯ ಸುತ್ತ ನಿಂತಿತು. ಕಟ್ಟೆಯ ಮೇಲೆ ಮಣೆ, ಮಣೆಯ ಮೇಲೆ ಯಜಮಾನರು. ಹೊಟ್ಟೆಯವನೂ ಬಿಕ್ಕಳಿಕೆಯವಳೂ ಇನ್ನೂ ಪ್ರಾಯಕ್ಕೆ ಬಂದಿರಲಿಲ್ಲ. ಅವರು ಮುಂದಿನ ಸಾಲಿನಲ್ಲಿ ನಿಂತಿದ್ದರು. ಚಾಪೆಯವಳನ್ನು ಯಾರೂ ಕರೆದಿರಲಿಲ್ಲ. ಅವಳು ಸುತ್ತಿದ ಚಾಪೆಯ ಒಂದು ತುದಿಯನ್ನು ಬಿಕ್ಕಳಿಕೆಯವಳ ಕೈಗೆ ಕೊಟ್ಟು ನಿಂತಿದ್ದಳು.

ಮಂಡಿಯವಳನ್ನು ಕರೆದರು. ತಾಯಿ ಪಕ್ಕದಲ್ಲಿ ಬಂದು ನಿಂತಳು.

ಒಪ್ಪಿಗೆಗೆ ಮೊದಲು ಕಂದೀಲಿನವರು ಕೊನೆಯ ಸಲ ನೋಡುವುದು ಪದ್ಧತಿ. ಅವರು ಬಿಸಿಲಿನಲ್ಲಿ ಕಂದೀಲು ಎತ್ತಿ ಹಿಡಿದರು. ಮಂಡಿ ನೋಡಿದರು, ಏನೂ ಇಲ್ಲ. ಕಿವಿ ನೋಡಿದರು, ಏನೂ ಇಲ್ಲ. ಉಗುರು, ಬೆನ್ನು, ಏನೂ ಇಲ್ಲ.

"ಬಾಯಿ ತೆಗಿ ಮಗಾ," ಅಂದರು.

ಹುಡುಗಿ ಬಾಯಿ ತೆರೆದಳು. ಕಂದೀಲಿನವರು ನೋಡಿದರು. ಕಂದೀಲನ್ನು ಹತ್ತಿರ ತಂದು ಇನ್ನೊಮ್ಮೆ ನೋಡಿದರು. ಅವರ ಮುಖ ಅರಳಿತು.

"ಇದೆ," ಅಂದರು. "ಇದೆ! ಎಡದವಡೆ, ಒಳಗಿನ ಹಲ್ಲು. ಹುಳುಕು. ಕಡಲೆಕಾಳಿನಷ್ಟು ತೂತು."

ಊರಿಗೆ ಊರೇ ಸಂಭ್ರಮಪಟ್ಟಿತು. ತಾಯಿ ಕೈ ಮುಗಿದು ಅತ್ತಳು. ಹೆಂಗಸರು, ನಮಗೆ ಆವತ್ತೇ ಅನುಮಾನ ಇತ್ತು ಅಂದರು. ಹುಡುಗಿಗೆ ಹುಳುಕು ಬಂದದ್ದು ಎಲ್ಲಿಂದ ಎಂದು ಯಾರೂ ಕೇಳಲಿಲ್ಲ. ಅವರೆಲ್ಲರ ಜೇಬಿನಲ್ಲೂ ಕಲ್ಲುಸಕ್ಕರೆ ಇತ್ತು.

"ಹಲ್ಲಿನ ನೋವೇ ಮಂಡಿಗೆ ಇಳಿದಿದೆ," ಎಂದು ಯಜಮಾನರು ತೀರ್ಪು ಕೊಟ್ಟರು. "ಮಣೆ ತನ್ನಿ."

"ಹಲ್ಲು ನೋಯ್ತಿಲ್ಲ ಸ್ವಾಮಿ," ಅಂದಳು ಹುಡುಗಿ. "ಮಂಡಿ ನೋಯ್ತಿರೋದು."

"ಮಂಡೀಲಿ ಏನು ಕಾಣುತ್ತೆ?"

"ಏನೂ ಕಾಣಲ್ಲ."

"ಹಲ್ಲಲ್ಲಿ ಕಾಣುತ್ತೆ. ಕಾಣೋದೇ ನೋಯೋದು. ನನ್ನ ನೋಡು," ಎಂದು ಯಜಮಾನರು ಪಂಚೆ ಎತ್ತಿ ಮೀನಖಂಡ ತೋರಿಸಿದರು. ಗುರುತು ಎಲ್ಲಿದೆಯೆಂದು ಅವರೇ ಸ್ವಲ್ಪ ಹುಡುಕಬೇಕಾಯಿತು.

ಮಣೆ ಬಂತು. ಹಲಸಿನ ಮರದ್ದು, ಹೊಸದು, ಇನ್ನೂ ಅರಗಿನ ವಾಸನೆ ಹೋಗಿರಲಿಲ್ಲ. ಅದನ್ನು ಹುಡುಗಿಯ ಕೈಗೆ ಕೊಟ್ಟರು. ಇನ್ನು ಮೇಲೆ ಅವಳು ಆ ಮಾತು ಹೇಳಬೇಕಾಗಿಲ್ಲ. ಕೂರಬಹುದು, ಸಾಯುವವರೆಗೆ ಕೂರಬಹುದು. ಎರಡು ಸುಗ್ಗಿ ಅವಳು ಬೇಡಿದ್ದು ಇದನ್ನೇ. ಹುಡುಗಿ ಮಣೆಯನ್ನು ಎದೆಗೆ ಒತ್ತಿಕೊಂಡು ಸುತ್ತಲೂ ನೋಡಿದಳು. ಚಾಪೆಯವಳು ಅಡಿಕೆ ಜಗಿಯುತ್ತ ಮರದ ಮೇಲಿನ ಕಾಗೆ ನೋಡುತ್ತಿದ್ದಳು. ಪಕ್ಕದಲ್ಲಿ ತಾಯಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಒರೆಸಿಕೊಳ್ಳುತ್ತಲೇ ಈ ಕಾಲಿನ ಭಾರವನ್ನು ಆ ಕಾಲಿಗೆ ಹಾಕಿದಳು. ದೀಪ ಹಚ್ಚುವ ಹೊತ್ತಲ್ಲದಿದ್ದರೂ ಹುಡುಗಿಯ ಮಂಡಿಗೆ ಬೆಂಕಿ ಬಿತ್ತು.

ಹುಡುಗಿ ಮಣೆಯನ್ನು ನೆಲಕ್ಕೆ ಇಟ್ಟಳು, ತಾಯಿಯ ಕಾಲ ಹತ್ತಿರ.

"ಅಮ್ಮ, ಕೂತ್ಕೊ."



"ಅದು ಹಲ್ಲಿನ ಮಣೆ," ಅಂದರು ಯಜಮಾನರು.

"ಹೌದು ಸ್ವಾಮಿ. ನನ್ ಹಲ್ಲಿನ ಮಣೆ. ಕೊಟ್ಟ ಮೇಲೆ ವಾಪಸ್ ಕೇಳೋ ಹಾಗಿಲ್ಲ."

"ಅವಳಿಗೇನೂ ಇಲ್ಲ. ಅವಳೇ ಒಪ್ಪಿದಾಳೆ, ಊರೆಲ್ಲ ಕೇಳಿದೆ."

"ನಂಗೇನೂ ಇಲ್ಲ ಕಣೆ," ಎಂದು ತಾಯಿಯೂ ಗಾಬರಿಯಿಂದ ಪಿಸುಗುಟ್ಟಿದಳು. "ಎತ್ಕೊ ಮಣೆ. ಜನ ನೋಡ್ತಿದಾರೆ."

"ಗೊತ್ತಮ್ಮ. ಏನೂ ಇಲ್ಲ. ಎಲ್ಲಿ?"

"ಏನೂ..." ಅಂದಳು ತಾಯಿ. ಆ ಮಾತಿನ ಬಾಲ ಅವಳಿಗೆ ಸಿಗಲಿಲ್ಲ. ಮುಂದಿನ ಸಾಲಿನಲ್ಲಿ ಬಿಕ್ಕಳಿಕೆಯವಳು ತನ್ನ ಉಸಿರು ಹಿಡಿದುಕೊಂಡಳು.

ಆಮೇಲೆ ತಾಯಿ ಕೂತಳು. ಮೊದಲು ಒಂದು ಕೈ ಮಗಳ ಭುಜದ ಮೇಲೆ, ಆಮೇಲೆ ಇನ್ನೊಂದು ಕೈ ನೆಲದ ಮೇಲೆ, ಆಮೇಲೆ ಮೆಲ್ಲಗೆ ಇಡೀ ಮೈ ಮಣೆಯ ಮೇಲೆ. ಮಣೆ ಒಮ್ಮೆ ಕಿರ್ ಅಂದಿತು. ಅವಳು ಎರಡೂ ಕಾಲುಗಳನ್ನು ಮುಂದಕ್ಕೆ ಚಾಚಿ, ಅವು ಯಾರದೋ ಎಂಬಂತೆ ನೋಡಿದಳು. ಯಾರದೋ ಭಾರ ಇಳಿದ ಹಾಗೆ ಹುಡುಗಿಗೂ ಉಸಿರು ಬಂತು. ಅವಳ ಮಂಡಿಗಳು ಉರಿಯುತ್ತಲೇ ಇದ್ದವು, ನಡುಗುತ್ತಲೇ ಇದ್ದವು. ನಡುಗಲಿ ಎಂದು ಅವಳು ಬಿಟ್ಟಳು. ಅವು ಮಡಚಿದವು, ಅವಳು ತಾಯಿಯ ಪಕ್ಕದಲ್ಲಿ ಬರಿ ನೆಲದ ಮೇಲೆ ಕೂತಳು. ಯಾರೂ ಏಳು ಅನ್ನಲಿಲ್ಲ.

"ಇಲ್ಲಿ," ಅಂದಳು ತಾಯಿ, ಹಿಮ್ಮಡಿ ಮುಟ್ಟಿ. ಸ್ವಲ್ಪ ಹೊತ್ತು ಬಿಟ್ಟು, "ಇಲ್ಲೂ" ಅಂದಳು, ಮಂಡಿ ಮುಟ್ಟಿ. "ಇಲ್ಲಿ, ನೀನು ಹುಟ್ಟಿದಾಗಿಂದ. ಇಲ್ಲಿ, ನಿಮ್ಮಪ್ಪ ಹೋದಾಗಿಂದ. ಇದು ಯಾವಾಗಿಂದ ಅಂತ ಮರೆತೇಹೋಗಿದೆ." ಸೊಂಟಕ್ಕೆ ಬಂದಳು, ಬೆನ್ನಿಗೆ ಬಂದಳು, ಕತ್ತಿಗೆ ಬಂದಳು. ಹುಡುಗಿ ಕೇಳಿದಳು. ಹೊತ್ತು ಏರಿತು. ಕಂದೀಲಿನವರು ಅಭ್ಯಾಸಬಲದಿಂದ ಕಂದೀಲು ಎತ್ತಿದವರು ಯಾವುದನ್ನು ನೋಡಬೇಕೆಂದು ತಿಳಿಯದೆ ಇಳಿಸಿದರು. ಎಣ್ಣೆ ಉಳಿಯಲಿ ಎಂದು ಬತ್ತಿಯನ್ನೂ ಇಳಿಸಿದರು. ಜೇಬಿನಲ್ಲಿದ್ದ ಕಲ್ಲುಸಕ್ಕರೆಯನ್ನು ಇರುವೆಗೆ ಹಾಕಿದರು.

ಜನ ಮನೆಗೆ ಹೋಗಲಿಲ್ಲ. ಮೊದಲು ಕೇಳುತ್ತ ನಿಂತರು, ಆಮೇಲೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತರು. ಯಾರು ಹೇಳಿದ್ದೂ ಅಲ್ಲ. ಸಾಲಿನಲ್ಲಿ ನೆಲ ಡೊಂಕು ಅಂದಿದ್ದ ಹೆಂಗಸರಿದ್ದರು, ಹೊಟ್ಟೆಯವನ ತಾತನಿದ್ದ, ತಾತನ ಹಿಂದೆ ಅಪ್ಪನಿದ್ದ. ಯಜಮಾನರು ಇದೆಲ್ಲ ಎಲ್ಲಿಗೆ ಮುಟ್ಟುತ್ತದೆ ನೋಡೋಣ ಎಂದು ಕತ್ತು ಉದ್ದ ಮಾಡಿದರು, ಕಾಣಲಿಲ್ಲ, ಮರೆತು ಎದ್ದು ನಿಂತರು. ನಾಯಿ ಕಚ್ಚಿದ ಜಾಗ ನೋಯಲಿಲ್ಲ. ಅವರಿಗೆ ಸ್ವಲ್ಪ ಬೇಜಾರೇ ಆಯಿತು.

ಬಿಸಿಲು ನೆತ್ತಿಗೆ ಬಂತು. ಸಾಲಿನ ಮೊದಲಲ್ಲಿ ನಿಂತಿದ್ದ ಮುದುಕಿ ಮೆಲ್ಲಗೆ ಬಗ್ಗಿ ಕೇಳಿದಳು.

"ನಿಂದಾಯ್ತೇನವ್ವ? ನಾನೂ ಒಂಚೂರು ಕೂತ್ಕೊಳ್ಳಲಾ?"

ತಾಯಿ ಜೀವಮಾನದಲ್ಲಿ ಯಾರಿಗೂ ಇಲ್ಲ ಅಂದವಳಲ್ಲ. ಈಗಲೂ ಏಳಲು ಹೋಗಿ ಮಗಳ ಭುಜದ ಮೇಲೆ ಕೈ ಇಟ್ಟಳು. ಇಟ್ಟ ಕೈ ಅಲ್ಲೇ ನಿಂತಿತು.

"ಇರಿ ಅಜ್ಜಿ," ಅಂದಳು. "ಇನ್ನೊಂಚೂರು ಹೊತ್ತು ಕೂತಿರ್ತೀನಿ."